ನೆಟ್ ಏಳುವ ಮೊದಲೇ ಎದ್ದ ಕಂಪ್ಯೂಟರುಗಳು

ಕಂಪ್ಯೂಟರ್ ರಿಪೇರಿ ಮಾಡುವವನು ಗಾಬರಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಫೋನ್ ಮಾಡಿ ಕರೆಯುತ್ತದೆ. ವಾರಕ್ಕೆ ಎರಡು ಸಲವಾದರೂ ನನ್ನ ಎದೆ ಧಸಕ್ಕೆನ್ನಲೇಬೇಕು. ಗಾಬರಿಯಾದರೆ ಕೂಗಾಡುವ ಸ್ವಭಾವ ನನ್ನದಲ್ಲ. ಕಾಲಿನ ಬಲ ಹೋಗುತ್ತದೆ, ಸಿಕ್ಕಲ್ಲಿ ಕೂತುಬಿಡುತ್ತೇನೆ. ಹಾಗೆ ಕೂತ ಜಾಗಗಳನ್ನೆಲ್ಲ ನೆನಪಿಸಿಕೊಂಡರೆ ಈಗ ನನಗೇ ನಗು ಬರುತ್ತದೆ. ಆಗ ಬಂದಿರಲಿಲ್ಲ. ಇಲ್ಲಿ ಹೇಳುವುದೆಲ್ಲ ಒಂದೇ ತಿಂಗಳಲ್ಲಿ, ಒಂದೇ ತಪ್ಪಿನಿಂದ ಆದದ್ದು, ಆ ತಪ್ಪೂ ನನ್ನದೇ.

ನಮ್ಮೂರು ನೂಲ. ಅಂಗಡಿ ಇರುವುದು ಗಡಹಿಂಗ್ಲಜದಲ್ಲಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಕಂಪ್ಯೂಟರನ್ನು ಬೈಯುವಾಗ ಎರಡೂ. ಕಾಯಂ ಗಿರಾಕಿಗಳು ಮಾತ್ರ ದಿಕ್ಕಿಗೊಬ್ಬರು. ಒಬ್ಬರು ಉತ್ತೂರದಲ್ಲಿ, ಇನ್ನೊಬ್ಬರು ಇಚಲಕರಂಜಿಯಲ್ಲಿ, ಮತ್ತೊಬ್ಬರು ಗೋಕುಳ ಶಿರಗಾಂವದಲ್ಲಿ. ಇವರ ಯಂತ್ರಗಳಲ್ಲಿರುವ ಸಾಫ್ಟ್‌ವೇರಿಗೆ ಆಗಾಗ ಅಪ್‌ಡೇಟ್ ಹಾಕಬೇಕು. ಅಷ್ಟಕ್ಕೇ ನಾನು ಬೈಕ್ ಒದ್ದುಕೊಂಡು ಹೋಗಬೇಕು. ಬೆನ್ನು ನೋವು ಶುರುವಾದ ಮೇಲೆ ಒಂದು ಉಪಾಯ ಮಾಡಿದೆ. ಎಲ್ಲರ ಕಂಪ್ಯೂಟರಿಗೂ ಒಂದು ಹುಕುಂ ಕೊಟ್ಟಿಟ್ಟೆ: ನೀನು ಬೆಳಿಗ್ಗೆ ಎದ್ದ ಕೂಡಲೇ ನೆಟ್ಟಿಗೆ ಹೋಗು, ಹೊಸದೇನಿದ್ದರೂ, ನನ್ನ ಹೊಸ ಹುಕುಂ ಇದ್ದರೆ ಅದನ್ನೂ, ತಂದು ಹಾಕಿಕೋ, ನನ್ನನ್ನು ಕರೆಯಬೇಡ.

ಅದೇ ಹೊತ್ತಿಗೆ ನಮ್ಮ ಗಡಹಿಂಗ್ಲಜದಲ್ಲೇ ಒಂದು ದೊಡ್ಡ ಕೆಲಸದ ಸುಳಿವು ಸಿಕ್ಕಿತು. ಬೀಜ, ಗೊಬ್ಬರ ಮಾರುವ ಒಂದು ಸಹಕಾರಿ ಸಂಘ, ಅದಕ್ಕೆ ಏಳು ಶಾಖೆ. ಏಳರ ಕಂಪ್ಯೂಟರುಗಳನ್ನೂ ನೋಡಿಕೊಳ್ಳಲು ಅವರಿಗೆ ಒಬ್ಬ ಬೇಕಾಗಿದ್ದ. ಸಂಘದ ಚೇರಮನ್ನರ ಮುಂದೆ ಕೈಕಟ್ಟಿ ನಿಂತು ನನ್ನ ಉಪಾಯ ಹೇಳಿದೆ.

ಅವರು ಮೀಸೆ ತಿರುವಿ ಅಂದರು: "ಒಂದ ತಿಂಗಳ ನೋಡತೇನಿ. ನೀ ನಮ್ಮ ಆಫೀಸಿನ ಕಡೆ ಹಾಯಬಾರದು, ಅಪ್‌ಡೇಟ್ ಮಾತ್ರ ಆಗಬೇಕು. ನಿನ್ನ ಹಳೇ ಗಿರಾಕಿಗಳನ್ನೂ ಕೇಳತೇನಿ. ಛಲೋ ಅಂದ್ರ ಏಳೂ ಶಾಖಾ ನಿನಗ. ಇಲ್ಲಂದ್ರ ನಮಸ್ಕಾರ."

ಈ ಕೆಲಸ ಸಿಗದಿದ್ದರೆ ನಾನು ಅಂಗಡಿ ಮುಚ್ಚಬೇಕಿತ್ತು. ಮುಚ್ಚಿದರೆ ಎಲ್ಲಿಗೆ ಹೋಗಬೇಕೆಂಬುದೂ ಆಗಲೇ ನಿಶ್ಚಯವಾಗಿತ್ತು. ನನ್ನ ಹೆಂಡತಿಯ ತಮ್ಮ ಕೊಲ್ಹಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅಕ್ಕನ ಗಂಡನಿಗೆ ನಮ್ಮ ಕಡೆ ಮರ್ಯಾದೆಯಿಂದ ದಾಜಿ ಅನ್ನುತ್ತಾರೆ. ಅವನೂ ಅದೇ ಮರ್ಯಾದೆಯಿಂದ ಅಂದಿದ್ದ: "ದಾಜೀ, ಮೊಬೈಲಿಗೆ ಗ್ಲಾಸ್ ಅಂಟಸಾಕ ಒಬ್ಬಾಂವ ಬೇಕಾಗ್ಯಾನ. ನಿಮ್ಮ ಸಲುವಾಗಿ ಸ್ಟೂಲ್ ತಂದಿಟ್ಟೇನಿ." ಆ ಸ್ಟೂಲಿನ ಫೋಟೋ ಕೂಡ ಕಳಿಸಿದ್ದ. ಕೆಂಪು ಪ್ಲಾಸ್ಟಿಕ್‌ನದು.

ಎಮ್ಮೆಗೆ ನೀನೇ ಹೇಳು

ಮೊದಲ ಫೋನ್ ಬಂದದ್ದು ಉತ್ತೂರದ ಹಾಲಿನ ಡೇರಿಯಿಂದ, ಬೆಳಿಗ್ಗೆ ಆರೂವರೆಗೆ. ಡೇರಿಯ ಸೆಕ್ರೆಟರಿ ಕೂಗುತ್ತಿದ್ದರು.

"ಲವಕರ ಯಾ! ಲಗೂ ಬರ್ರಿ! ಹಾಲ ವಾಪಸ್ ಹೊಂಟೈತಿ!"

ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಹೊರಟೆ. ಉತ್ತೂರ ಇನ್ನೂ ಒಂದು ಮೈಲಿ ಇರುವಾಗಲೇ ಎದುರಿಗೆ ಜನ. ಯಾರ ಕೈಯಲ್ಲಿ ನೋಡಿದರೂ ತುಂಬಿದ ಕ್ಯಾನು, ಮುಖ ಮನೆಯ ಕಡೆಗೆ. ಬೈಕ್ ನಿಲ್ಲಿಸಿ ಒಬ್ಬ ಹಿರಿಯರನ್ನು ಕೇಳಿದೆ: "ಯಾಕ ಕಾಕಾ, ಹಾಲ ಯಾಕ ವಾಪಸ್ ತಗೊಂಡ ಹೊಂಟ್ರಿ?"

"ಡೇರಿ ತಯಾರಿಲ್ಲಂತಪಾ. ಆಮ್ಯಾಲೆ ಪ್ರಯತ್ನ ಮಾಡ್ರಿ ಅಂತ ಬೋರ್ಡ್ ಹಾಕ್ಯಾರ."

ಆ ಮಾತು ನನ್ನದು. ನೆಟ್ ಸಿಗದಿದ್ದರೆ ತೋರಿಸಲೆಂದು ನಾನೇ ಎರಡು ಸಾಲು ಬರೆದಿಟ್ಟಿದ್ದೆ: 'ತಯಾರ ನಾಹೀ. ನಂತರ ಪ್ರಯತ್ನ ಕರಾ.' ಅದು ಕಂಪ್ಯೂಟರಿನ ಪರದೆಯ ಮೇಲೆ ಮೂಲೆಯಲ್ಲಿ ಸಣ್ಣಗೆ ಬರುತ್ತದೆ ಅಂದುಕೊಂಡಿದ್ದೆ. ಆದರೆ ಡೇರಿಯವರು ರೈತರಿಗೆ ಹಾಲಿನ ಅಳತೆ, ಫ್ಯಾಟ್ ಕಾಣಲಿ ಅಂತ ಅದೇ ಕಂಪ್ಯೂಟರಿಗೆ ಹೊರಗೆ ಒಂದು ದೊಡ್ಡ ಟಿ.ವಿ. ಜೋಡಿಸಿದ್ದರು. ನನ್ನ ಎರಡು ಸಾಲು ಅದರ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ನಿಂತಿತ್ತು.

ಕಾರಣ ಇಷ್ಟೇ. ಕರೆಂಟ್ ಹಾಕಿದರೆ ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ರೌಟರ್, ಅಂದರೆ ನೆಟ್ಟಿನ ಡಬ್ಬಿ, ಮೈಮುರಿದು ಕಣ್ಣು ಬಿಡಲು ಮೂರು ನಿಮಿಷ ಬೇಕು. ಕಂಪ್ಯೂಟರ್ ಎದ್ದು ಕೇಳಿದಾಗ ಡಬ್ಬಿ ಇನ್ನೂ ನಿದ್ದೆಯಲ್ಲಿತ್ತು.

"ಅಲ್ರಿ, ಓಕೆ ಒತ್ತಿದ್ರ ಅದು ಹೋಗತಿತ್ತಲ್ರಿ!" ಅಂದೆ ಸೆಕ್ರೆಟರಿಗೆ.

"ಏನ ಬಂದ್ರೂ ಒತ್ತಬ್ಯಾಡ್ರಿ, ನನಗ ಫೋನ್ ಮಾಡ್ರಿ ಅಂತ ಹೋದ ವರ್ಷ ನೀವ ಹೇಳೀರಲ್ರಿ. ಅವತ್ತಿನಿಂದ ನಾ ಏನೂ ಒತ್ತಿಲ್ಲ."

ಅಲ್ಲೇ ಇದ್ದ ಖಾಲಿ ಕ್ಯಾನಿನ ಮೇಲೆ ಕೂತೆ. ಚೇರಮನ್ನರು ಈ ಡೇರಿಯನ್ನೂ ವಿಚಾರಿಸುವವರಿದ್ದರು. ನಾನು ಓಕೆ ಒತ್ತಿದೆ, ಅಕ್ಷರ ಮಾಯವಾಯಿತು, ಸೆಕ್ರೆಟರಿ ಮೈಕಿನಲ್ಲಿ ಎಲ್ಲರನ್ನೂ ವಾಪಸ್ ಕರೆದರು. ಜನ ಬೈಯುತ್ತ ಬಂದರು. ಹೋಗದೆ ಕಟ್ಟೆಯ ಮೇಲೇ ಕೂತಿದ್ದ ಒಬ್ಬ ಮುದುಕಿ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು.

"ಆಮ್ಯಾಲೆ ಪ್ರಯತ್ನ ಮಾಡ್ರಿ ಅಂತ ಬರದಾಂವ ನೀನ ಏನು?"

"ಹೌದ್ರಿ ಅವ್ವಾ. ತಪ್ಪಾತು."

"ತಪ್ಪ ಒಪ್ಪ ಆಮ್ಯಾಲಿರಲಿ. ನಾಳೆ ನಸಕಿನ್ಯಾಗ ಐದಕ್ಕ ನಮ್ಮ ಮನೀಗೆ ಬಾ. ನಮ್ಮ ಎಮ್ಮಿ ಕೆಚ್ಚಲ ತುಂಬಿಸಿಕೊಂಡ ನಿಂತಿರತೈತಿ. ಆ ಮಾತು ಅದಕ್ಕ ನೀನ ಹೇಳು."

ಹೊತ್ತು ಮುಳುಗುವುದರೊಳಗೆ

ಬೆಳಗಿನ ಸಹವಾಸವೇ ಬೇಡವೆಂದು ಎಲ್ಲ ಕಡೆಯೂ ಹುಕುಮನ್ನು ಸಂಜೆ ಏಳೂವರೆಗೆ ಬದಲಿಸಿದೆ. ಅಷ್ಟು ಹೊತ್ತಿಗೆ ಎಂಥ ಸೋಮಾರಿ ಡಬ್ಬಿಯೂ ಎದ್ದಿರುತ್ತದೆ ಎಂಬುದು ನನ್ನ ಲೆಕ್ಕ. ಆ ಎರಡು ಸಾಲನ್ನೂ ಕಿತ್ತುಹಾಕಿದೆ. ನಾಲ್ಕು ದಿನ ನಿರಾಳವಾಗಿ ಊಟ ಮಾಡಿದೆ.

ಐದನೆಯ ದಿನ ಇಚಲಕರಂಜಿಯ ಬಟ್ಟೆ ವ್ಯಾಪಾರಿ ಫೋನ್ ಮಾಡಿದರು. ಜೈನ ಮನೆತನ, ಅಜ್ಜನ ಕಾಲದಿಂದ ಅದೇ ಊರು, ಮನೆಯ ಪಡಸಾಲೆಯೇ ಆಫೀಸು. "ಏನ್ರಿ ಇದು? ಅಪ್‌ಡೇಟ್ ಒಂದ ದಿನಾನೂ ಆಗಿಲ್ಲ. ನಿಮ್ಮ ಚೇರಮನ್ ಫೋನ್ ಮಾಡಿದ್ರು. ನಾಳೆ ಮಾತಾಡೂಣು ಅಂದೇನಿ. ನಾಳೆ ಏನ ಹೇಳಲಿ, ನೀವ ಹೇಳ್ರಿ."

ನನ್ನ ಕಣ್ಣ ಮುಂದೆ ಕೆಂಪು ಸ್ಟೂಲು ಬಂತು. ಮಧ್ಯಾಹ್ನವೇ ಇಚಲಕರಂಜಿ ಸೇರಿದೆ. ನೋಡಿದರೆ ಎಲ್ಲ ಸರಿಯಾಗಿತ್ತು. ಕಂಪ್ಯೂಟರ್ ಸರಿ, ಡಬ್ಬಿ ಸರಿ, ತಂತಿ ಸರಿ, ನನ್ನ ಹುಕುಂ ಸರಿ. ಕಳ್ಳನನ್ನು ಕೈಯಾರೆ ಹಿಡಿಯೋಣವೆಂದು ಏಳೂವರೆ ಆಗಲೆಂದು ಅಲ್ಲೇ ಕಾದು ಕೂತೆ.

ಸೂರ್ಯ ಎದುರಿನ ಮನೆಯ ನೀರಿನ ಟಾಕಿಯ ಹಿಂದೆ ಇಳಿಯುತ್ತಿದ್ದ. ಒಳಗಿಂದ ವ್ಯಾಪಾರಿಯ ತಾಯಿ ಬಂದರು. ಎಲ್ಲರೂ ಅವರನ್ನು ಆಯಿ ಅನ್ನುತ್ತಾರೆ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಕಿಟಕಿಯಿಂದ ಒಮ್ಮೆ ಆಕಾಶ ನೋಡಿದರು, ಗೋಡೆಯ ಹತ್ತಿರ ಹೋದರು, ನೆಟ್ಟಿನ ಡಬ್ಬಿಯ ಬಟನ್ ಟಪ್ ಅಂತ ಆರಿಸಿದರು.

ನಾನು ಹೌಹಾರಿ ಎದ್ದೆ. "ಆಯೀ! ಅದನ್ಯಾಕ ಆರಿಸಿದ್ರಿ?"

"ದಿನಾ ಆರಸತೇನಿ. ಹೊತ್ತ ಮುಳಗಿದ ಮ್ಯಾಲೆ ಆ ಹಸರ ದೀಪಕ್ಕ ಹುಳಾ ಬರತಾವು. ಬಡಕೊಂಡ ಬಡಕೊಂಡ ಸಾಯತಾವು. ಮುಂಜಾನೆ ನಾ ಕಸಾ ಹೊಡಿಯಾಕ ಹೋದ್ರ ಕೆಳಗ ಹತ್ತ ಸತ್ತ ಬಿದ್ದಿರತಾವು. ಆ ಪಾಪ ಯಾರಿಗೆ? ನಿನಗೋ, ನನಗೋ?"

ಮಗನಿಗೂ ಇದು ಗೊತ್ತಿರಲಿಲ್ಲ. ಅವರು ಸಂಜೆ ನೆಟ್ ಇಲ್ಲದ ಕೆಲಸವನ್ನೇ ಮಾಡುತ್ತಿದ್ದರು, ಬೆಳಿಗ್ಗೆ ಏಳುವಷ್ಟರಲ್ಲಿ ಆಯಿ ಬಸದಿಗೆ ಹೋಗಿ ಬಂದು ಮತ್ತೆ ಬಟನ್ ಹಾಕಿರುತ್ತಿದ್ದರು. ಮಗ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಹುಳದ ಜೀವ ದೊಡ್ಡದೋ, ಅಪ್‌ಡೇಟ್ ದೊಡ್ಡದೋ ಎಂದು ಆ ಹಿರಿಯಳ ಮುಂದೆ ವಾದ ಮಾಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ದೀಪದ ಮ್ಯಾಲೆ ಕರೇ ಪಟ್ಟಿ ಅಂಟಸತೇನ್ರಿ ಆಯಿ. ಬೆಳಕ ಕಾಣೂದಿಲ್ಲ," ಅಂದೆ.

"ಬೆಳಕ ಕಾಣೂದಿಲ್ಲ ಖರೆ. ಡಬ್ಬಿ ಬೆಚ್ಚಗ ಇರತೈತಲ್ಲ? ಬೆಚ್ಚಗಿದ್ದಲ್ಲೆ ಇರುವಿ ಬರತಾವು."

ತೆಗೆದ ಪಟ್ಟಿಯನ್ನು ನಾನು ಮತ್ತೆ ಚೀಲಕ್ಕೆ ಹಾಕಿದೆ. ಆಯಿಗೆ ನನ್ನನ್ನು ನೋಡಿ ಪಾಪ ಅನ್ನಿಸಿರಬೇಕು. ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಈ ನಿನ್ನ ಅಪ್‌ಡೇಟ್ ಅಂದ್ರ ಏನಪಾ? ಕಂಪ್ಯೂಟರಿಗೆ ಅದು ಊಟ ಇದ್ದಂಗೇನು?"

"ಹಂಗ ತಿಳಕೋರಿ ಆಯಿ."

"ಹಂಗಾರ ಇಷ್ಟ್ಯಾಕ ಒದ್ದಾಡತಿ? ಈ ಮನ್ಯಾಗ ಎಲ್ಲಾರೂ ಹೊತ್ತ ಮುಳಗೂದರೊಳಗ ಊಟಾ ಮುಗಸತಾರ. ಅದಕ್ಕೂ ಹಂಗ ಮುಗಸಾಕ ಹೇಳು."

ಊರಿಗೆ ಹೋದ ನೆಟ್

ಆಯಿಯ ಅಪ್ಪಣೆಯಂತೆ ಎಲ್ಲರಿಗೂ ಸಂಜೆ ಐದು ಗಂಟೆ ಮಾಡಿದೆ. ಉತ್ತೂರದಲ್ಲಿ ಆಯಿತು, ಇಚಲಕರಂಜಿಯಲ್ಲೂ ಆಯಿತು. ಇನ್ನೇನು ಗೆದ್ದೆ ಅನ್ನುವಷ್ಟರಲ್ಲಿ ಗೋಕುಳ ಶಿರಗಾಂವದ ಲೋಹ ಎರಕದ ಫೌಂಡ್ರಿಯ ಮಾಲೀಕರ ಫೋನು. ಒಂದೇ ವಾಕ್ಯ: "ನಿಮ್ಮ ಚೇರಮನ್ ನಾಳೆ ಇಲ್ಲಿಗೇ ಬರಾಕತ್ತಾರ, ನಮ್ಮ ಕಂಪ್ಯೂಟರ್ ಮಾತ್ರ ಹೋದ ತಿಂಗಳಿನ್ಯಾಗ ಕುಂತೈತಿ."

ಎರಡು ತಾಸು ಬೈಕ್ ಹೊಡೆದು ಹೋಗಿ ಮುಟ್ಟುವಾಗ ಐದಕ್ಕೆ ಐದು ನಿಮಿಷ. ನೆಟ್ಟಿನ ಡಬ್ಬಿ ಗೋಡೆಯ ಮೇಲಿತ್ತು. ಒಂದೂ ದೀಪ ಇರಲಿಲ್ಲ. ಬಟನ್ ಹಾಕಿದೆ. ಜೀವ ಬರಲಿಲ್ಲ. ತಂತಿ ಹಿಡಿದು ಹೋದರೆ, ತಂತಿಯೇ ಇಲ್ಲ! ಡಬ್ಬಿಗೆ ಕರೆಂಟ್ ಕೊಡುವ ಅಡಾಪ್ಟರ್ ಬುಡಸಮೇತ ಮಾಯವಾಗಿತ್ತು.

"ಕಳವಾಗೈತ್ರಿ!" ಅಂತ ನಾನು ಕೂಗಿದೆ. ಸ್ವಭಾವ ಮೀರಿ ಕೂಗಿದ್ದು ಆ ತಿಂಗಳಲ್ಲಿ ಅದೊಂದೇ ಸಲ.

ಟೇಬಲ್ಲಿನ ಹಿಂದಿದ್ದ ಕ್ಲಾರ್ಕ್ ತಲೆ ಎತ್ತದೆ ಅಂದರು: "ಕಳವಲ್ರಿ. ಫೋರಮನ್ನರು ಮನೀಗೆ ಹೋಗ್ಯಾರ."

ಫೋರಮನ್ನರಿಗೂ ಅಡಾಪ್ಟರಿಗೂ ಏನು ಸಂಬಂಧವೆಂದು ನನಗೆ ಹೊಳೆಯಲಿಲ್ಲ. ಗೇಟಿನ ಹೊರಗೆ ಅವರು ಇನ್ನೂ ಬಸ್ಸು ಕಾಯುತ್ತ ನಿಂತಿದ್ದರು. ಓಡಿಹೋಗಿ ಕೇಳಿದೆ. ಅವರು ಶಾಂತವಾಗಿ ಸೊಂಟದಿಂದ ಚಂಚಿ ತೆಗೆದರು. ಚಂಚಿ ಅಂದರೆ ಎಲೆ, ಅಡಿಕೆ, ತಂಬಾಕು ಇಡುವ ಬಟ್ಟೆಯ ಚೀಲ. ಅದರ ಬಾಯಿ ಬಿಚ್ಚಿ, ಎರಡು ಎಲೆ ಸರಿಸಿ, ಒಳಗಿಂದ ನೆಟ್ಟಿನ ಅಡಾಪ್ಟರನ್ನು ಹೊರಗೆಳೆದರು. ಪಿನ್ನಿಗೆ ಸುಣ್ಣ ಹತ್ತಿತ್ತು. ನಾನು ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತೆ.

"ಇದನ್ಯಾಕ ತಗೊಂಡ ಹೊಂಟೀರಿ ಕಾಕಾ?"

"ಹೇಳತೇನಿ ಕೇಳ್ರಿ. ನಮ್ಮಲ್ಲೆ ಒಬ್ಬಾಂವ ಮೊಬೈಲಿನ್ಯಾಗ ರೀಲ್ ನೋಡಕೋತ ಕಾದ ಲೋಹದ ಪಾತ್ರಿ ಹಿಡದಿದ್ದ. ದೇವರ ದೊಡ್ಡಾಂವ, ಕಾಲ ಉಳೀತು. ಅವತ್ತ ನಾ ಈ ಪಿನ್ ಕಿತ್ತ ಇಟಗೊಂಡೇನಿ. ಊಟದ ಸುಟ್ಟಿಯೊಳಗ ಆಫೀಸಿನವರಿಗೆ ಅರ್ಧಾ ತಾಸ ಕೊಡತೇನಿ. ಆಮ್ಯಾಲೆ ನನ್ನ ಕಡೆ."

ಸಿಟ್ಟು ಮಾಡುವ ಹಾಗೂ ಇರಲಿಲ್ಲ. ಆ ಮನುಷ್ಯ ಹೇಳಿದ್ದು ಸರಿಯೇ ಇತ್ತು. ನನಗೆ ಅಲ್ಲೇ ಬುದ್ಧಿ ಬಂತು. ಗಡಿಯಾರ ನೋಡಿ ಹೊರಡುವ ಹುಕುಂ ಈ ಸೀಮೆಯಲ್ಲಿ ನಡೆಯುವುದಿಲ್ಲ. ಇಲ್ಲಿ ನೆಟ್ ಯಾವಾಗ ಬರುತ್ತದೆ ಎಂಬುದು ಸೋಮಾರಿ ಡಬ್ಬಿ, ಹುಳ, ಫೋರಮನ್, ಹೀಗೆ ಯಾರಯಾರದೋ ಕೈಯಲ್ಲಿದೆ. ಕಾಯಲು ಕಲಿಯಬೇಕಾದದ್ದು ಕಂಪ್ಯೂಟರೇ. ಐದೈದು ನಿಮಿಷಕ್ಕೊಮ್ಮೆ ಇಣುಕಿ ನೋಡುವುದು, ನೆಟ್ ಇಲ್ಲದಿದ್ದರೆ ಸುಮ್ಮನಿರುವುದು, ಬಂದ ಕೂಡಲೇ ಕೆಲಸ ಶುರು ಮಾಡುವುದು, ಎಲ್ಲವನ್ನೂ ಒಂದು ಕಡೆ ಬರೆದಿಡುವುದು. ಅವತ್ತೇ ಎಲ್ಲ ಯಂತ್ರಗಳಿಗೂ ಹಾಗೆ ಮಾಡಿದೆ. ಮರುದಿನ ಚೇರಮನ್ನರು ಬರುವ ಮೊದಲೇ, ಊಟದ ಹೊತ್ತಿನ ಅರ್ಧ ತಾಸಿನಲ್ಲಿ, ಫೌಂಡ್ರಿಯ ಅಪ್‌ಡೇಟ್ ಆಗಿತ್ತು.

ಸಮಾಧಾನಕ್ಕೆ ಒಂದು ಮಾತು ಕೇಳಿದೆ: "ಅಲ್ರಿ ಕಾಕಾ, ನೀವು ನಾಲ್ಕ ದಿನ ರಜಾ ಹಾಕಿದ್ರ ನೆಟ್ಟಿನ ಗತಿ ಏನ್ರಿ?"

ಬಸ್ಸು ಬಂತು. ಅವರು ಅಡಾಪ್ಟರನ್ನು ಎಲೆಗಳ ನಡುವೆ ಮತ್ತೆ ಮಲಗಿಸಿ ಮೆಟ್ಟಿಲು ಹತ್ತುತ್ತ ಅಂದರು: "ಗತಿ ಏನ ಬಂತ್ರಿ? ನಾ ಊರಿಗೆ ಹೋದ್ರ ಅದೂ ನನ್ನ ಕೂಡ ಊರಿಗೆ ಬರತೈತಿ. ಹೋದ ದೀಪಾವಳಿಗೆ ನಮ್ಮ ಮನ್ಯಾಗ ಎಂಟ ದಿನ ಇತ್ತು."

ಅಂತರಪಟ

ಕಾಯಲು ಕಲಿತ ಕಂಪ್ಯೂಟರ್ ಎಷ್ಟು ಅಪಾಯಕಾರಿ ಎಂಬುದು ತಿಳಿದದ್ದು ಕೊಲ್ಹಾಪುರದ ಒಂದು ಮಂಗಲ ಕಾರ್ಯಾಲಯದಲ್ಲಿ. ಆ ಮದುವೆ ಹಾಲ್ ಕೂಡ ನನ್ನ ಗಿರಾಕಿಯೇ. ಹಿಂದಿನ ಸಾಲಿನವರಿಗೂ ವಧೂವರರು ಕಾಣಲಿ ಎಂದು ಹಾಲಿನ ಪಕ್ಕದ ಗೋಡೆಗೆ ದೊಡ್ಡ ಪರದೆ ಹಾಕಿದ್ದರು. ಅದನ್ನು ನಡೆಸುವುದು ಆಫೀಸಿನ ಕಂಪ್ಯೂಟರು. ಅವತ್ತಿನ ಮದುಮಗ ನಮ್ಮ ಚೇರಮನ್ನರ ಸಂಬಂಧಿಕ. ಚೇರಮನ್ನರು ಮುಂದಿನ ಸೋಫಾದಲ್ಲಿ ಫೇಟ ಕಟ್ಟಿಸಿಕೊಂಡು ಕೂತಿದ್ದರು. ಅವರ ಕಣ್ಣೆದುರು ಏನೂ ಎಡವಟ್ಟಾಗಬಾರದೆಂದು ನಾನು ಬೆಳಿಗ್ಗೆಯೇ ಹೋಗಿ ನಿಂತಿದ್ದೆ.

ಎರಡು ದಿನದಿಂದ ಅಲ್ಲಿ ನೆಟ್ ಇರಲಿಲ್ಲ. ರಸ್ತೆ ಅಗೆಯುವವರು ತಂತಿ ಕಡಿದಿದ್ದರು. ಕಂಪ್ಯೂಟರ್ ಎರಡು ದಿನದಿಂದ ಇಣುಕುತ್ತಲೇ ಇತ್ತು. ನಾನು ಅದನ್ನು ಮನಸ್ಸಿನಲ್ಲೇ ಹೊಗಳಿದೆ. ಎಂಥ ತಾಳ್ಮೆ!

ಮುಹೂರ್ತ ಹತ್ತಿರ ಬಂತು. ವಧೂವರರ ನಡುವೆ ಅಂತರಪಟ ಹಿಡಿದರು. ಒಂದು ತುದಿ ಸೋದರಮಾವನದು, ಇನ್ನೊಂದು ತುದಿ ಚಿಕ್ಕಪ್ಪನದು. ಮಂಗಲಾಷ್ಟಕ ಶುರುವಾಯಿತು, ಜನ ಅಕ್ಷತೆ ಹಿಡಿದು ಕೈ ಎತ್ತಿದರು. ಅದೇ ಹೊತ್ತಿಗೆ ಹೊರಗೆ ರಸ್ತೆಯಲ್ಲಿ ಯಾವನೋ ಪುಣ್ಯಾತ್ಮ ತಂತಿ ಜೋಡಿಸಿ ಮುಗಿಸಿದ.

ಪರದೆಯ ಮೇಲಿನ ವಧೂವರರು ಮಾಯವಾದರು. ಇಡೀ ಗೋಡೆ ನೀಲಿಯಾಯಿತು. ನಡುವೆ ದೊಡ್ಡದಾಗಿ ಬಂತು: 'ಕೃಪಯಾ ಥಾಂಬಾ'. ಮರಾಠಿಯಲ್ಲಿ ದಯವಿಟ್ಟು ನಿಲ್ಲಿ ಅಂತ, ಕೆಳಗೆ ಬಂದ್ ಮಾಡಬೇಡಿ ಅಂತ. ನನ್ನ ಅಪ್‌ಡೇಟ್ ಶುರುವಾಗಿತ್ತು.

ಭಟ್ಟರು ಕಣ್ಣು ಮುಚ್ಚಿ ಹಾಡುತ್ತಿದ್ದರು, ಹಾಡಿ ಮುಗಿಸಿದರು, ಬಾಜಾದವರಿಗೆ ಕೈ ಮಾಡಿದರು. ಬಾಜಾದವರು ಊದಲಿಲ್ಲ, ಅವರು ಪರದೆ ಓದುತ್ತಿದ್ದರು. ಹಿಂದಿನ ಸಾಲಿನವರು ಎತ್ತಿದ ಕೈ ಎತ್ತಿದಂತೆಯೇ ಹಿಡಿದು ನಿಂತರು. ಅಂತರಪಟ ಹಿಡಿದ ಇಬ್ಬರಿಗೂ ಪರದೆ ಸರಿಯಾಗಿ ಕಾಣುತ್ತಿತ್ತು. ಭಟ್ಟರು "ಸೋಡಾ, ಸೋಡಾ! ಬಿಡ್ರಿ!" ಅಂತ ಹೇಳುತ್ತಲೇ ಇದ್ದಾರೆ, ಸೋದರಮಾವ ಬಟ್ಟೆಯನ್ನು ಇನ್ನೂ ಬಿಗಿಯಾಗಿ ಹಿಡಿದು, "ಥಾಂಬಾ ಮ್ಹಣತಂಯ ಕೀ! ನಿಲ್ರಿ ಅನ್ನಾಕತ್ತೈತಲ್ಲ!" ಅನ್ನುತ್ತಾನೆ.

ನಾನು ವೇದಿಕೆಯ ಮೆಟ್ಟಿಲ ಮೇಲೆ ಕುಸಿದು ಕೂತೆ. ಮತ್ತೆ ಎದ್ದು, ಆಫೀಸಿಗೆ ಓಡಿ, ಪರದೆಯ ತಂತಿ ಕಿತ್ತೆ. ಗೋಡೆ ಕಪ್ಪಾದ ಮೇಲೆ ಅಂತರಪಟ ಬಿತ್ತು, ಬಾಜಾ ಊದಿತು, ಮದುವೆಯಾಯಿತು. ಎರಡು ನಿಮಿಷ ತಡ ಅಷ್ಟೇ. ಆದರೆ ಆ ಎರಡು ನಿಮಿಷದಲ್ಲಿ ನಾನು ಗ್ಲಾಸ್ ಅಂಟಿಸುವ ಕೆಲಸದಲ್ಲಿ ಹತ್ತು ವರ್ಷ ಕಳೆದು ಬಂದಿದ್ದೆ.

ಊಟದ ಪಂಕ್ತಿಯಲ್ಲಿ ಚೇರಮನ್ನರು ನನ್ನನ್ನು ಪಕ್ಕಕ್ಕೆ ಕರೆದರು. "ಆ ಥಾಂಬಾ ನಿಂದ ಏನು?"

"ನಂದ ರೀ ಸಾಹೇಬ್ರ," ಅಂದೆ.

ಅವರು ಸುತ್ತ ನೋಡಿದರು. ಹೆಂಡತಿ ದೂರ ಇದ್ದಾರೆಂದು ಖಾತ್ರಿ ಮಾಡಿಕೊಂಡು ನನ್ನ ಕಿವಿಯ ಹತ್ತಿರ ಬಾಗಿದರು. "ಛಲೋ ಮಾಡಿದಿ. ಹುಡುಗಗ ಕಡೀ ಸಲ ವಿಚಾರ ಮಾಡಾಕ ಎರಡ ಮಿನಿಟ್ ಸಿಕ್ತು. ನನ್ನ ಲಗ್ನದಾಗ ಯಾರೂ ಇಷ್ಟ ಉಪಕಾರ ಮಾಡಲಿಲ್ಲ."

ಹತ್ತಕ್ಕೆ ಬರುವವರು

ತಿಂಗಳು ಮುಗಿದ ದಿನ ಸಂಘದಿಂದ ಕರೆ ಬಂತು. ಕರಾರಿನಂತೆ, ಹುಕುಂ ಕೊಟ್ಟಿಟ್ಟ ಮೊದಲ ದಿನ ಬಿಟ್ಟರೆ, ನಾನು ತಿಂಗಳಿಡೀ ಅವರ ಆಫೀಸಿನ ಹೊಸ್ತಿಲು ತುಳಿದಿರಲಿಲ್ಲ. ಹುಕುಂ ಬದಲಿಸಿದ್ದೆಲ್ಲ ನನ್ನ ಅಂಗಡಿಯಲ್ಲಿ ಕೂತೇ, ನೆಟ್ಟಿನ ಮೂಲಕ. ಸಂಘದ ಆಫೀಸಿನ ಗೋಡೆಗೆ 'ಕಚೇರಿಯ ವೇಳೆ ಬೆಳಿಗ್ಗೆ ಹತ್ತು' ಅಂತ ಹಲಗೆ ಹಾಕಿದ್ದಾರೆ. ಅದನ್ನು ನೋಡಿ, ಸರಿಯಾಗಿ ಹತ್ತಕ್ಕೆ ಕಂಪ್ಯೂಟರುಗಳು ತಾವಾಗಿಯೇ ಏಳುವಂತೆ ಮೊದಲ ದಿನವೇ ಮಾಡಿಟ್ಟಿದ್ದೆ.

ಅಲ್ಲಿನ ಕಂಪ್ಯೂಟರ್ ಬರೆದು ಕಳಿಸಿದ ದಿನಚರಿಯನ್ನು ಪ್ರಿಂಟ್ ಮಾಡಿಕೊಂಡು ಹನ್ನೊಂದೂವರೆಗೆ ಹೋದೆ. ಕೊನೆಯ ಹನ್ನೆರಡು ದಿನ ಒಂದೂ ತಪ್ಪದೆ ಅಪ್‌ಡೇಟ್ ಆಗಿತ್ತು. ಚೇರಮನ್ನರು ತಮ್ಮ ಕೇಬಿನ್ನಿಗೆ ಮ್ಯಾನೇಜರರನ್ನೂ, ಕ್ಯಾಶಿಯರ್ ಹೆಣ್ಣುಮಗಳನ್ನೂ ಕರೆಸಿದರು. ಸಿಪಾಯಿ ಚಹಾದ ತಟ್ಟೆ ಹಿಡಿದು ಬಂದ. ಎಲ್ಲರೆದುರು ಚೇರಮನ್ನರು ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು.

"ಹತ್ತು ಗಂಟೆ, ತಯಾರಿಲ್ಲ. ಹತ್ತೂ ಐದು, ತಯಾರಿಲ್ಲ. ಹತ್ತೂ ಹತ್ತು, ತಯಾರಿಲ್ಲ." ಓದುತ್ತ ಓದುತ್ತ ದನಿ ಏರಿತು. "ಹನ್ನೊಂದೂ ಹತ್ತು, ತಯಾರ. ಕೆಲಸ ಪೂರ್ಣ." ಕಾಗದ ತಿರುವಿದರು. ಮರುದಿನವೂ ಅದೇ. ಅದರ ಮರುದಿನವೂ ಅದೇ.

"ಕೆಲಸ ಆಗೈತಿ, ಛಲೋ. ಆದ್ರ ದಿನಾ ಒಂದ ತಾಸ ಹತ್ತ ಮಿನಿಟ್ ತಯಾರಿಲ್ಲದಾಂವ ಯಾರು?"

"ನೆಟ್ ರೀ ಸಾಹೇಬ್ರ," ಅಂದೆ ಉತ್ಸಾಹದಿಂದ. ತಪ್ಪು ನನ್ನ ತಲೆಯ ಮೇಲೆ ಬರದಿದ್ದರೆ ಸಾಕಾಗಿತ್ತು. "ನನ್ನ ಯಂತ್ರ ಹತ್ತಕ್ಕ ಎದ್ದ ಕುಂತಿರತೈತ್ರಿ. ನೆಟ್ಟಿನ ಬಟನ್ ಹಾಕಾಂವ ತಡಾ ಮಾಡತಾನ. ಯಾರಂತ ಗೊತ್ತಿಲ್ಲ. ಆದ್ರ ದಿನಾ ಹನ್ನೊಂದೂ ಹತ್ತಕ್ಕ ಬರತಾನ, ಒಂದ ದಿನಾನೂ ತಪ್ಪಿಲ್ರಿ. ಅಂಥಾಂವಗ ನೀವು ಸಲಿಗಿ ಕೊಡಬಾರದ್ರಿ ಸಾಹೇಬ್ರ."

ಮ್ಯಾನೇಜರರು ಯಾಕೋ ಫ್ಯಾನ್ ನೋಡತೊಡಗಿದರು. ಕ್ಯಾಶಿಯರ್ ಬಾಯಿಗೆ ಸೆರಗು ಹಚ್ಚಿಕೊಂಡರು. ಚೇರಮನ್ನರು ಟೇಬಲ್ ಗುದ್ದಿದರು, ಚಹಾ ತುಳುಕಿತು.

"ಬರ್ರಿ, ಇವತ್ತ ನೋಟೀಸ್ ಟೈಪ್ ಮಾಡ್ರಿ! ಯಾರರೆ ಇರಲಿ. ನನ್ನ ಹೊಟ್ಟ್ಯಾಗ ಹುಟ್ಟಿದ ಮಗ ಇದ್ರೂ ಬಿಡೂದಿಲ್ಲ. ಹೆಸರ ಹೇಳ್ರಿ!"

ಚಹಾದ ತಟ್ಟೆ ಹಿಡಿದ ಸಿಪಾಯಿಗೆ ಕೈ ನೋಯುತ್ತಿತ್ತೋ ಏನೋ, ಅವನೇ ಬಾಯಿಬಿಟ್ಟ.

"ಸಾಹೇಬ್ರ, ನೆಟ್ಟಿನ ಡಬ್ಬಿ ನಿಮ್ಮ ಬೆನ್ನ ಹಿಂದ ಐತ್ರಿ."

ಎಲ್ಲರೂ ನೋಡಿದೆವು. ಚೇರಮನ್ನರ ಕುರ್ಚಿಯ ಹಿಂದೆ ದೇವರ ಫೋಟೋ, ಫೋಟೋದ ಕೆಳಗಿನ ಹಲಗೆಯ ಮೇಲೆ ನೆಟ್ಟಿನ ಡಬ್ಬಿ. ಅದಕ್ಕೆ ಕುಂಕುಮ ಹಚ್ಚಿತ್ತು, ತಲೆಯ ಮೇಲೆ ದಾಸವಾಳದ ಹೂ, ಪಕ್ಕದಲ್ಲಿ ಊದಿನಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು. ಕೇಬಿನ್ನಿನ ಬೀಗ ತೆಗೆಯುವವರು ಚೇರಮನ್ನರೊಬ್ಬರೇ. ದಿನಾ ಬಂದು, ದೇವರಿಗೆ ಹೂ ಏರಿಸಿ, ಡಬ್ಬಿಗೂ ಒಂದು ಏರಿಸಿ, ಬಟನ್ ಹಾಕುತ್ತಿದ್ದವರೂ ಅವರೇ. ಆಫೀಸಿಗೆಲ್ಲ ಗೊತ್ತಿತ್ತು, ಗೊತ್ತಿಲ್ಲದವನು ನಾನೊಬ್ಬ.

ಬಾಗಿಲ ಹತ್ತಿರ ಸ್ಯಾಂಪಲ್ಲಿಗೆ ಇಟ್ಟಿದ್ದ ಬೀಜದ ಚೀಲದ ಮೇಲೆ ಕೂತೆ. ಸಲಿಗೆ ಕೊಡಬಾರದು ಅಂದಿದ್ದು ನಾನೇ. ಒಂದೊಂದಾಗಿ ಏಳೂ ಶಾಖೆಗಳು ಕೈಬಿಟ್ಟು ಹೋಗುವುದು ನನಗೆ ಕಾಣಿಸಿತು.

ಚೇರಮನ್ನರೂ ತಿರುಗಿ ಡಬ್ಬಿಯನ್ನು ನೋಡಿದರು. ಆಮೇಲೆ ಅಂಗಿಯ ಕಿಸೆಗೆ ಕೈಹಾಕಿ ಕೇಬಿನ್ನಿನ ಕೀಲಿ ತೆಗೆದರು. ಬೈಯಲಿಲ್ಲ. ಕೀಲಿಯನ್ನು ಮ್ಯಾನೇಜರರ ಮುಂದೆ ಸರಿಸಿ ಮೆತ್ತಗೆ ಅಂದರು: "ತಗೋರಿ. ನಾಳಿಂದ ಹತ್ತಕ್ಕ ನೀವ ಹಾಕ್ರಿ."

ಮ್ಯಾನೇಜರರು ಕೀಲಿ ಮುಟ್ಟಲಿಲ್ಲ. "ಸಾಹೇಬ್ರ, ನಾ ಬರೂದು... ಹನ್ನೊಂದ ಆಗತೈತ್ರಿ."

ಕೀಲಿ ಕ್ಯಾಶಿಯರ್ ಕಡೆ ಸರಿಯಿತು. "ನಮ್ಮ ಬಸ್ಸ ಹತ್ತೂ ಐವತ್ತಕ್ಕ ಬರತೈತ್ರಿ," ಅಂದರು ಅವರು ನೆಲ ನೋಡುತ್ತ.

ಕೀಲಿ ಸಿಪಾಯಿಯ ಕಡೆ ತಿರುಗಿತು. ಅವನು ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ. "ಸಾಹೇಬ್ರ, ಸುಳ್ಳ ಯಾಕ ಹೇಳಲಿ? ನಾ ಶಟರ್ ತಗಿಯೂದ ಹತ್ತೂಮುಕ್ಕಾಲಿಗೆ ರೀ."

ಚೇರಮನ್ನರು ದಂಗಾದರು. ಅಷ್ಟು ದೊಡ್ಡ ಮನುಷ್ಯ ಹಾಗೆ ಬಾಯಿ ಬಿಟ್ಟದ್ದನ್ನು ನಾನು ಮೊದಲ ಸಲ ನೋಡಿದೆ. "ಹಂಗಾರ ಈ ಆಫೀಸಿಗೆ ಹತ್ತಕ್ಕ ಬರಾಂವ ಯಾರು?"

"ಕಂಪ್ಯೂಟರ್ ರೀ," ಅಂದ ಸಿಪಾಯಿ. "ಹತ್ತಕ್ಕ ಅದೊಂದ ಬರತೈತ್ರಿ."

ಚೇರಮನ್ನರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಅದಕ್ಕ ಹತ್ತಕ್ಕ ಬರೂದ ಕಲಿಸಿದಾಂವ ಯಾರು?"

"ನಾನ್ರೀ." ಚೀಲದ ಮೇಲಿಂದಲೇ ಕೈ ಎತ್ತಿದೆ.

ಅವರು ಡ್ರಾ ಎಳೆದು ಕರಾರಿನ ಕಾಗದ ತೆಗೆದರು. ಸಹಿ ಹಾಕಿ, ಶಿಕ್ಕಾ ಒತ್ತಿ, ನನ್ನ ಕೈಗೆ ಕೊಟ್ಟರು. ನಾನು ನಂಬಲಾರದೆ ಎರಡು ಸಲ ಓದಿದೆ. ಏಳೂ ಶಾಖೆ ನನ್ನದಾಗಿತ್ತು. ಚೀಲದಿಂದ ಎದ್ದು ಅವರ ಕಾಲಿಗೆ ಬೀಳಬೇಕೆನಿಸಿತು.

"ಬಿಡು, ಬಿಡು," ಅಂದರು ಚೇರಮನ್ನರು. "ಕಂಪ್ಯೂಟರಿಗೆ ಏನ ಹಾಕೀಯೋ ಅದನ್ನ ಇವತ್ತ ಈ ಮೂರೂ ಮಂದಿಗೆ ಹಾಕು." ತಮ್ಮ ಕೈಗೇ ಮರಳಿದ ಕೀಲಿ ಒಮ್ಮೆ ನೋಡಿಕೊಂಡು, ದನಿ ತಗ್ಗಿಸಿ ಸೇರಿಸಿದರು: "ನನಗ ಕಡೀಕ ಹಾಕು. ಸಾವಕಾಶ."